ಸತ್ಯವರ್ತಕ ಜಾರ್ಜ್ ಕ್ಯಾಡ್ಬರಿ

ಅಂಗಡಿಯ ಮುಂದೆ ನಿಂತ ಗ್ರಾಹಕನ ಕಣ್ಣಿಗೆ ಕಾಣುವುದು ಪೊಟ್ಟಣದ ಹೊರಮೈ ಮಾತ್ರ. ಅದರೊಳಗೆ ಇರುವುದೇನು, ಅದಕ್ಕೆ ಬೆರೆಸಿದುದೇನು, ಅದನ್ನು ಬೆಳೆದವರಾರು, ಬೆಳೆದವರಿಗೆ ಸಂದ ಕೂಲಿಯೆಷ್ಟು ಎಂಬುದಾವುದೂ ಅವನಿಗೆ ತಿಳಿಯದು. ಇವೆಲ್ಲವನ್ನೂ ತಿಳಿದಿರಬೇಕಾದವನು ಮಾರುವವನು. ಆದುದರಿಂದ ಮಾರುವವನ ಮಾತನ್ನು ನಂಬುವುದಲ್ಲದೆ ಕೊಳ್ಳುವವನಿಗೆ ಅನ್ಯಮಾರ್ಗವಿಲ್ಲ. ಈ ನಂಬಿಕೆಯೇ ವ್ಯಾಪಾರದ ಮೂಲಧನ. ಹಣವನ್ನು ಸಾಲವಾಗಿ ಪಡೆಯಬಹುದು. ನಂಬಿಕೆಯನ್ನು ಪಡೆಯಲು ಸತ್ಯವೊಂದೇ ಸಾಧನ. ಆದರೆ ವರ್ತಕನ ಸತ್ಯವು ಎಲ್ಲಿಯವರೆಗೆ ಹಬ್ಬಿರಬೇಕು? ತೂಕ ಸರಿಯಿದ್ದರೆ ಸಾಕೆ? ಪದಾರ್ಥ ಶುದ್ಧವಾಗಿದ್ದರೆ ಸಾಕೆ? ಅಥವಾ ಆ ಪದಾರ್ಥ ಹುಟ್ಟಿದ ಹೊಲದವರೆಗೂ ಅವನ ಹೊಣೆ ಹಿಂದಕ್ಕೆ ಚಾಚುತ್ತದೆಯೆ? ಈ ಪ್ರಶ್ನೆಗಳನ್ನು ತಮ್ಮ ಬಾಳಿನಲ್ಲಿ ಎದುರಿಸಿ, ಹಲವೆಡೆ ಗೆದ್ದು, ಒಂದೆಡೆ ಕಠಿಣವಾದ ಪರೀಕ್ಷೆಗೆ ಒಳಗಾದವರು ಇಂಗ್ಲೆಂಡಿನ ಜಾರ್ಜ್ ಕ್ಯಾಡ್ಬರಿಯವರು. ಅವರ ಮನೆತನದ ಹೆಸರನ್ನು ಹೊತ್ತ ಮಿಠಾಯಿ ಇಂದು ಕನ್ನಡನಾಡಿನ ಸಣ್ಣ ಅಂಗಡಿಗಳಲ್ಲಿಯೂ ದೊರೆಯುತ್ತದೆ; ಆದರೆ ಆ ಹೆಸರಿನ ಹಿಂದಿರುವ ಮನುಷ್ಯನ ಚರಿತ್ರೆಯನ್ನು ಬಲ್ಲವರು ವಿರಳ.

ಜಾರ್ಜ್ ಕ್ಯಾಡ್ಬರಿಯವರು ೧೮೩೯ನೆಯ ಸೆಪ್ಟೆಂಬರ್ ೧೯ರಂದು ಬರ್ಮಿಂಗ್‌ಹ್ಯಾಮ್ ನಗರದ ಬಳಿಯ ಎಜ್‌ಬ್ಯಾಸ್ಟನ್ನಿನಲ್ಲಿ ಜನಿಸಿದರು. ತಂದೆ ಜಾನ್ ಕ್ಯಾಡ್ಬರಿ; ತಾಯಿ ಕ್ಯಾಂಡಿಯಾ. ಇವರದು ಕ್ರೈಸ್ತಮತದಲ್ಲಿ ಕ್ವೇಕರ್ ಎಂಬ ಪಂಥಕ್ಕೆ ಸೇರಿದ ಮನೆತನ. ಈ ಪಂಥದವರು ಆಡಂಬರವಿಲ್ಲದ ಉಡುಗೆ, ಮೌನಪ್ರಾರ್ಥನೆ, ಮದ್ಯದಿಂದ ದೂರವಿರುವ ಸಂಯಮ ಮೊದಲಾದ ನಿಯಮಗಳಿಂದ ಪ್ರಸಿದ್ಧರು. ನ್ಯಾಯಾಲಯದಲ್ಲಿ ಕೂಡ ಅವರು ಆಣೆಯಿಡುತ್ತಿರಲಿಲ್ಲ. ಆಣೆಯಿಟ್ಟು ಆಡಿದ ಮಾತು ಮಾತ್ರ ಸತ್ಯವೆಂದರೆ ಉಳಿದ ಮಾತುಗಳಿಗೆ ಬೆಲೆಯೆಲ್ಲಿ ಎಂಬುದು ಅವರ ನಿಲುವು. ಚೌಕಾಸಿಯೇ ವ್ಯಾಪಾರದ ರೀತಿಯಾಗಿದ್ದ ಕಾಲದಲ್ಲಿ ಕ್ವೇಕರ್ ಅಂಗಡಿಕಾರರು ಒಂದೇ ದರವನ್ನು ಗೊತ್ತುಪಡಿಸಿ, ಬಲ್ಲವನಿಗೂ ಅರಿಯದವನಿಗೂ ಅದೇ ದರದಲ್ಲಿ ಮಾರುತ್ತಿದ್ದರು. ಮಗುವನ್ನು ಅಂಗಡಿಗೆ ಕಳುಹಿಸಿದರೂ ಮೋಸವಾಗದೆಂಬ ಧೈರ್ಯ ಜನರಿಗಿತ್ತು. ಸಾಲ ತೀರಿಸದೆ ದಿವಾಳಿಯಾದವನನ್ನು ಪಂಥದಿಂದಲೇ ಹೊರಗಿಡುವಷ್ಟು ಕಟ್ಟುನಿಟ್ಟು ಅವರಲ್ಲಿತ್ತು. ಇಂತಹ ವಾತಾವರಣದಲ್ಲಿ ಬೆಳೆದ ಬಾಲಕನಿಗೆ ಸತ್ಯವೆಂಬುದು ಉಪದೇಶದ ವಿಷಯವಾಗಿರದೆ ಮನೆಯ ನಿತ್ಯವ್ಯವಹಾರವಾಗಿದ್ದಿತು.

ತಂದೆಯವರು ೧೮೨೪ರಲ್ಲಿ ಬರ್ಮಿಂಗ್‌ಹ್ಯಾಮಿನ ಬುಲ್ ಬೀದಿಯಲ್ಲಿ ಚಹಾ ಕಾಫಿಗಳ ಅಂಗಡಿಯನ್ನು ತೆರೆದು, ೧೮೩೧ರಿಂದ ಕೋಕೋ ತಯಾರಿಕೆಯನ್ನು ಕೈಗೊಂಡಿದ್ದರು. ಮದ್ಯಕ್ಕೆ ಬದಲಾಗಿ ಬಡವರು ಕುಡಿಯಬಹುದಾದ ಬಿಸಿ ಪಾನೀಯವೊಂದು ದೊರೆಯಬೇಕೆಂಬುದು ಅವರ ಆಶಯ. ಉದ್ಯಮವು ಕೆಲಕಾಲ ಏಳಿಗೆಯಲ್ಲಿದ್ದರೂ ೧೮೫೫ರಲ್ಲಿ ಪತ್ನಿ ತೀರಿಕೊಂಡ ಬಳಿಕ ಅವರ ಉತ್ಸಾಹ ಕುಗ್ಗಿತು, ವ್ಯಾಪಾರವೂ ಇಳಿಮುಖವಾಯಿತು. ೧೮೬೧ರಲ್ಲಿ ಅವರು ನಿವೃತ್ತರಾಗಿ ಕಾರ್ಖಾನೆಯ ಭಾರವನ್ನು ಮಕ್ಕಳಿಗೆ ಒಪ್ಪಿಸಿದರು. ಆಗ ರಿಚರ್ಡನಿಗೆ ೨೫ ವರ್ಷ, ಜಾರ್ಜನಿಗೆ ೨೧ ವರ್ಷ. ಕೆಲಸಗಾರರ ಸಂಖ್ಯೆ ೨೦ರಿಂದ ೧೧ಕ್ಕೆ ಇಳಿದಿತ್ತು.

ತಾಯಿಯ ಕಡೆಯಿಂದ ಬಂದ ಆಸ್ತಿಯನ್ನು ಸೋದರರಿಬ್ಬರೂ ಉದ್ಯಮದಲ್ಲಿ ತೊಡಗಿಸಿದರು. ಮೊದಲ ಕೆಲವು ವರ್ಷ ನಷ್ಟವೇ ಆಯಿತು. ಜಾರ್ಜರು ಅವಿವಾಹಿತರಾಗಿ, ಚಹಾ ಕಾಫಿಗಳನ್ನೂ ದಿನಪತ್ರಿಕೆಯನ್ನೂ ಬಿಟ್ಟು, ಬೆಳಗಿನಿಂದ ರಾತ್ರಿಯವರೆಗೆ ಕಾರ್ಖಾನೆಯಲ್ಲಿಯೇ ದುಡಿದರು. ಕೈಯಲ್ಲಿರುವ ಹಣ ಮುಗಿಯುವವರೆಗೆ ನಡೆಸುವುದು, ಸಾಲದವರಿಗೆ ಒಂದು ಕಾಸೂ ಉಳಿಯದಂತೆ ತೀರಿಸಿ ಬಾಗಿಲು ಹಾಕುವುದು ಎಂದು ಸೋದರರು ನಿಶ್ಚಯಿಸಿಕೊಂಡಿದ್ದರು. ಹಾಗಾದ ಪಕ್ಷದಲ್ಲಿ ರಿಚರ್ಡರು ಭೂಮಾಪಕರಾಗುವುದೆಂದೂ, ಜಾರ್ಜರು ಭಾರತಕ್ಕೆ ಬಂದು ಹಿಮಾಲಯದ ತಪ್ಪಲಲ್ಲಿ ಚಹಾ ಬೆಳೆಯುವುದೆಂದೂ ಯೋಚಿಸಿದ್ದರು. ಆ ದುರ್ದಿನಗಳಲ್ಲಿಯೂ ಕೆಲಸಗಾರರಿಗೆ ಶನಿವಾರ ಅರ್ಧದಿನದ ಬಿಡುವನ್ನು ಕೊಡುವ ಪದ್ಧತಿಯನ್ನು ಅವರು ಆರಂಭಿಸಿದರು. ೧೮೬೪ರ ಹೊತ್ತಿಗೆ ಅಲ್ಪಸ್ವಲ್ಪ ಲಾಭ ತೋರಿತು.

ಆ ಕಾಲದ ಕೋಕೋ ಎಂತಹುದಿತ್ತು ಎಂಬುದನ್ನು ಇಲ್ಲಿ ತಿಳಿಯಬೇಕು. ದಕ್ಷಿಣಕನ್ನಡದ ಅಡಿಕೆತೋಟಗಳ ನಡುವೆ ಇಂದು ಬೆಳೆಯುವ ಕೋಕೋ ಗಿಡವನ್ನು ಕಂಡವರಿಗೆ ಅದರ ಬೀಜದ ಪರಿಚಯವಿರುತ್ತದೆ. ಆ ಬೀಜದಲ್ಲಿ ಅರ್ಧಭಾಗದಷ್ಟು ಜಿಡ್ಡು. ಅದನ್ನು ಅರೆದು ಬಿಸಿನೀರಿಗೆ ಹಾಕಿದರೆ ಎಣ್ಣೆ ಮೇಲೆ ತೇಲುತ್ತದೆ. ಈ ಜಿಡ್ಡನ್ನು ಹೀರಿಸಲೆಂದು ತಯಾರಕರು ಆಲೂಗಡ್ಡೆಯ ಹಿಟ್ಟು, ಸಾಬೂದಾನಿ, ಕಾಕಂಬಿ ಮುಂತಾದುವನ್ನು ಬೆರೆಸುತ್ತಿದ್ದರು. ಕ್ಯಾಡ್ಬರಿ ಕಾರ್ಖಾನೆಯ ಕೋಕೋದಲ್ಲಿಯೂ ನಿಜವಾದ ಕೋಕೋ ಐದರಲ್ಲಿ ಒಂದು ಪಾಲು ಮಾತ್ರವಿದ್ದಿತು. ಉಳಿದುದು ಹಿಟ್ಟು ಸಿಹಿಗಳ ಗಂಜಿ. ಇದನ್ನು ಜಾರ್ಜರೇ ಮುಂದೆ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಇವು ದೇಹಕ್ಕೆ ಕೆಡುಕಲ್ಲವೆಂದು ಹೇಳಬಹುದು. ಆದರೆ ದುರಾಸೆಗೆ ಅಲ್ಲಿಗೇ ತೃಪ್ತಿಯಿರಲಿಲ್ಲ. ಬಣ್ಣ ಬರಲೆಂದು ಇಟ್ಟಿಗೆಯ ಪುಡಿಯನ್ನೂ ಕೆಂಪುಮಣ್ಣನ್ನೂ, ಕೆಲವರು ವಿಷವಾದ ಸೀಸದ ಸಿಂಧೂರವನ್ನೂ ಬೆರೆಸುತ್ತಿದ್ದರು. ರಸಾಯನಜ್ಞ ಫ್ರೆಡರಿಕ್ ಆಕಮ್ ೧೮೨೦ರಲ್ಲಿಯೇ ಆಹಾರದ ಕಲಬೆರಕೆಯನ್ನು ಬಯಲಿಗೆಳೆದು ಗ್ರಂಥ ಬರೆದಿದ್ದನು. ೧೮೫೦ರ ದಶಕದಲ್ಲಿ ವೈದ್ಯ ಆರ್ಥರ್ ಹಿಲ್ ಹ್ಯಾಸಲ್ ಅಂಗಡಿಯ ಪದಾರ್ಥಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಜನರಿಗೆ ಗಾಬರಿಯಾಯಿತು. ತಾವು ಮಕ್ಕಳಿಗೆ ಕುಡಿಸುವುದು ಪಾನೀಯವೋ ಇಟ್ಟಿಗೆಯ ನೀರೋ ಎಂದು ಗೃಹಿಣಿಯರು ಸಂಶಯಪಡುವ ಸ್ಥಿತಿ ಬಂದಿತು.

ಹೀಗಿರಲು, ಹಾಲೆಂಡಿನ ವಾನ್ ಹೌಟೆನ್ ಎಂಬ ತಯಾರಕರು ಬೀಜದ ಜಿಡ್ಡನ್ನು ಹಿಂಡಿ ತೆಗೆಯುವ ಯಂತ್ರವೊಂದನ್ನು ಬಳಸುತ್ತಿರುವರೆಂಬುದು ಜಾರ್ಜರಿಗೆ ತಿಳಿಯಿತು. ಜಿಡ್ಡನ್ನೇ ತೆಗೆದುಬಿಟ್ಟರೆ ಅದನ್ನು ಹೀರಿಸಲು ಹಿಟ್ಟು ಬೇಕೆ? ಅವರಿಗೆ ಡಚ್ ಭಾಷೆಯ ಒಂದು ಮಾತೂ ಬಾರದು. ಆದರೂ ಹಾಲೆಂಡಿಗೆ ಹೋಗಿ, ಸನ್ನೆಗಳಿಂದಲೂ ನಿಘಂಟಿನ ನೆರವಿನಿಂದಲೂ ವ್ಯವಹಾರ ಮುಗಿಸಿ, ಆ ಯಂತ್ರವನ್ನು ಕೊಂಡುತಂದರು. ೧೮೬೬ರಲ್ಲಿ ಯಾವ ಬೆರಕೆಯೂ ಇಲ್ಲದ ಕೋಕೋ ಎಸೆನ್ಸ್ ಎಂಬ ಪುಡಿ ಮಾರುಕಟ್ಟೆಗೆ ಬಂದಿತು. ಅದರ ಬೆಲೆ ಹೆಚ್ಚು. ಗಂಜಿಯಂತಹ ದಪ್ಪ ಕೋಕೋಗೆ ಒಗ್ಗಿದ ಜನರಿಗೆ ಅದರ ತೆಳುವು ಹೊಸದು. ಕೊಳ್ಳುವವರನ್ನು ಒಪ್ಪಿಸುವ ಬಗೆ ಹೇಗೆ ಎಂಬುದೇ ಮುಂದಿನ ಪ್ರಶ್ನೆಯಾಯಿತು.

ಇಲ್ಲಿ ಒಂದು ಧರ್ಮಸಂಕಟವಿತ್ತು. ಕ್ವೇಕರ್ ಪಂಥದ ಹಿರಿಯರಿಗೆ ಜಾಹೀರಾತೆಂದರೆ ಅಸಮಾಧಾನ. ಒಳ್ಳೆಯ ಸರಕು ತನ್ನನ್ನು ತಾನೇ ಮಾರಿಕೊಳ್ಳುತ್ತದೆ; ಡಂಗುರ ಹೊಡೆಯುವುದು ಅತಿಶಯೋಕ್ತಿಗೆ ಹಾದಿ, ಅತಿಶಯೋಕ್ತಿ ಸುಳ್ಳಿನ ಮೊದಲ ಮೆಟ್ಟಿಲು ಎಂಬುದು ಅವರ ಭಾವನೆ. ಯಾರ್ಕ್ ನಗರದ ರೌಂಟ್ರಿ ಮನೆತನದವರು ಇದೇ ಕಾರಣದಿಂದ ಬಹುಕಾಲ ಜಾಹೀರಾತಿನಿಂದ ಹಿಂದೆಗೆದಿದ್ದರು. ಜಾರ್ಜರು ತಾರುಣ್ಯದಲ್ಲಿ ಅದೇ ರೌಂಟ್ರಿಯವರ ಅಂಗಡಿಯಲ್ಲಿ ಕೆಲಸ ಕಲಿತವರು. ಆದರೂ ಈ ವಿಷಯದಲ್ಲಿ ಅವರು ಬೇರೆ ಹಾದಿ ಹಿಡಿದರು. ಸುಳ್ಳನ್ನು ಸಾರುವುದು ಪಾಪವೆಂದಮಾತ್ರಕ್ಕೆ ಸತ್ಯವನ್ನು ಸಾರುವುದೂ ಪಾಪವಾಗಬೇಕಿಲ್ಲ. ಕಲಬೆರಕೆ ಮಾಡುವವನು ಗಟ್ಟಿಯಾಗಿ ಕೂಗುತ್ತಿರುವಾಗ ಶುದ್ಧವಾದುದನ್ನು ಮಾರುವವನು ಸುಮ್ಮನಿದ್ದರೆ ನಷ್ಟವಾಗುವುದು ಕೊಳ್ಳುವವನಿಗೇ. ಸೋದರರು ಮೊದಲು ತಮ್ಮ ಪುಡಿಯ ಮಾದರಿಗಳನ್ನು ವೈದ್ಯರಿಗೆ ಕಳುಹಿಸಿ ಪರೀಕ್ಷೆಗೆ ಒಡ್ಡಿದರು. ವೈದ್ಯಪತ್ರಿಕೆಗಳು ಅದರ ಶುದ್ಧಿಯನ್ನು ಮೆಚ್ಚಿ ಬರೆದ ಮೇಲೆಯೇ ಲಂಡನ್ನಿನ ಬಾಡಿಗೆಬಂಡಿಗಳ ಮೇಲೂ ಅಂಗಡಿಗಳಲ್ಲಿಯೂ ತಮ್ಮ ಕೋಕೋ ಪೂರ್ಣಶುದ್ಧವೆಂದೂ, ಆದುದರಿಂದಲೇ ಉತ್ತಮವೆಂದೂ ಸಾರಿದರು. ಮೊದಲು ಪರೀಕ್ಷೆ, ಅನಂತರ ಪ್ರಚಾರ ಎಂಬ ಈ ಕ್ರಮವು ಗಮನಾರ್ಹವಾದುದು.

ಬೆರಕೆಯ ಕೋಕೋ ತಯಾರಿಸುತ್ತಿದ್ದ ಇತರರಿಗೆ ಇದರಿಂದ ಕೋಪ ಬಂದುದು ಸಹಜ. ಆದರೆ ಶುದ್ಧಿಯ ಮಾತು ಒಮ್ಮೆ ಜನರ ಬಾಯಿಗೆ ಬಿದ್ದ ಮೇಲೆ ಹಿಂದಕ್ಕೆ ಹೋಗಲಿಲ್ಲ. ೧೮೭೨ರಲ್ಲಿಯೂ ೧೮೭೫ರಲ್ಲಿಯೂ ಆಹಾರ ಕಲಬೆರಕೆಯನ್ನು ತಡೆಯುವ ಶಾಸನಗಳಾದುವು. ಬೆರಕೆಯ ಪದಾರ್ಥವನ್ನು ಶುದ್ಧವೆಂದು ಮಾರುವುದು ಅಪರಾಧವಾಯಿತು. ಕ್ಯಾಡ್ಬರಿಯವರ ವ್ಯಾಪಾರ ವರ್ಷವರ್ಷಕ್ಕೂ ಬೆಳೆಯಿತು. ಸತ್ಯವೂ ಲಾಭವೂ ಇಲ್ಲಿ ಕೈಕೈ ಹಿಡಿದು ನಡೆದುವು. ಆದರೆ ಲಾಭ ಜೊತೆಯಲ್ಲಿರುವಾಗ ಸತ್ಯವನ್ನು ಪಾಲಿಸುವುದು ಸುಲಭ. ಅವೆರಡೂ ಬೇರೆಬೇರೆ ದಾರಿ ಹಿಡಿದಾಗಲೇ ವರ್ತಕನ ನಿಜಸ್ವರೂಪ ತಿಳಿಯುವುದು. ಆ ಗಳಿಗೆ ಬರಲು ಇನ್ನೂ ಕಾಲವಿತ್ತು.

ಜಾರ್ಜರು ತಾರುಣ್ಯದಿಂದಲೇ ಪ್ರತಿ ಭಾನುವಾರ ಬೆಳಗ್ಗೆ ಸೆವರ್ನ್ ಬೀದಿಯ ವಯಸ್ಕರ ಶಾಲೆಗೆ ಹೋಗಿ ಅಕ್ಷರ ಬಾರದ ಕೂಲಿಕಾರರಿಗೆ ಓದುಬರಹ ಕಲಿಸುತ್ತಿದ್ದರು. ಈ ಸೇವೆಯನ್ನು ಸುಮಾರು ಅರ್ಧಶತಮಾನ ನಡೆಸಿದರು. ಶಿಷ್ಯರ ಮನೆಗಳಿಗೆ ಹೋದಾಗ ಬೆಳಕು ಗಾಳಿಗಳಿಲ್ಲದ ಕೊಳಕು ಗಲ್ಲಿಗಳನ್ನು ಕಂಡರು. ಕುಡಿತವನ್ನು ಬಿಡೆಂದು ಬೋಧಿಸುವುದಕ್ಕಿಂತ ಮೊದಲು ಮನುಷ್ಯನಿಗೆ ವಾಸಯೋಗ್ಯವಾದ ಮನೆಯನ್ನು ಕೊಡಬೇಕೆಂಬುದು ಅವರಿಗೆ ಮನದಟ್ಟಾಯಿತು. ನಗರದ ನಡುವಿನ ಕಾರ್ಖಾನೆ ಇಕ್ಕಟ್ಟಾದಾಗ ಸೋದರರು ನಾಲ್ಕು ಮೈಲಿ ದೂರದಲ್ಲಿ ಹೊಲಗಳ ನಡುವೆ ಹದಿನಾಲ್ಕೂವರೆ ಎಕರೆ ನೆಲವನ್ನು ಕೊಂಡು, ೧೮೭೯ರಲ್ಲಿ ಹೊಸ ಕಾರ್ಖಾನೆಯನ್ನು ತೆರೆದರು. ಪಕ್ಕದ ಬೋರ್ನ್ ತೊರೆಯ ಹೆಸರಿಗೆ ಫ್ರೆಂಚ್ ಪದವೊಂದನ್ನು ಕೂಡಿಸಿ ಬೋರ್ನ್‌ವಿಲ್ ಎಂದು ಕರೆದರು. ಫ್ರಾನ್ಸಿನ ಚಾಕೋಲೇಟಿಗೆ ಆಗ ಹೆಚ್ಚಿನ ಮರ್ಯಾದೆಯಿದ್ದುದೇ ಈ ಹೆಸರಿಗೆ ಕಾರಣ. ಅಲ್ಲಿ ಕೆಲಸಗಾರರಿಗೆ ಅಡುಗೆಯ ಸೌಕರ್ಯ, ಬಟ್ಟೆ ಬದಲಿಸುವ ಬೆಚ್ಚನೆಯ ಕೊಠಡಿ, ಆಟದ ಬಯಲು, ತೋಟಗಳು ಒದಗಿದುವು. ನಗರದಿಂದ ಬರುವವರಿಗಾಗಿ ರೈಲ್ವೆಯವರೊಡನೆ ಮಾತನಾಡಿ ಅಗ್ಗದ ದರವನ್ನು ಗೊತ್ತುಮಾಡಿಸಿದರು.

೧೮೯೫ರಿಂದ ಕಾರ್ಖಾನೆಯ ಬಳಿಯಲ್ಲಿ ಊರೊಂದನ್ನು ಕಟ್ಟುವ ಕೆಲಸ ಆರಂಭವಾಯಿತು. ವಾಸ್ತುಶಿಲ್ಪಿ ವಿಲಿಯಂ ಅಲೆಗ್ಸಾಂಡರ್ ಹಾರ್ವೆ ಎಂಬ ಯುವಕ. ಪ್ರತಿ ಮನೆಗೂ ಹಣ್ಣಿನ ಗಿಡಗಳುಳ್ಳ ಹಿತ್ತಿಲು, ನಿವೇಶನದ ಕಾಲುಭಾಗಕ್ಕಿಂತ ಹೆಚ್ಚನ್ನು ಕಟ್ಟಡ ಆಕ್ರಮಿಸಬಾರದೆಂಬ ನಿಯಮ, ಮದ್ಯದಂಗಡಿಗೆ ಪ್ರವೇಶವಿಲ್ಲ. ತಮ್ಮ ಕಾರ್ಖಾನೆಯ ಕೆಲಸಗಾರರು ಮಾತ್ರವೇ ಅಲ್ಲಿರಬೇಕೆಂಬ ನಿರ್ಬಂಧವಿರಲಿಲ್ಲ. ೧೯೦೦ರಲ್ಲಿ ಜಾರ್ಜರು ೩೩೦ ಎಕರೆ ನೆಲವನ್ನೂ ಮುನ್ನೂರಕ್ಕೂ ಮಿಕ್ಕ ಮನೆಗಳನ್ನೂ ಒಂದು ಧರ್ಮದರ್ಶಿ ಮಂಡಲಿಗೆ ಒಪ್ಪಿಸಿ, ಬಾಡಿಗೆಯ ಉಳಿತಾಯವೆಲ್ಲ ಊರಿನ ವಿಸ್ತರಣೆಗೂ ವಸತಿ ಸುಧಾರಣೆಗೂ ಸಲ್ಲುವಂತೆ ಏರ್ಪಡಿಸಿದರು. ತನಗೂ ತನ್ನ ಮಕ್ಕಳಿಗೂ ಅದರಲ್ಲಿ ಕಾಸಿನ ಲಾಭವೂ ಉಳಿಯದಂತೆ ಮಾಡಿದುದು ಆ ದಾನದ ಹಿರಿಮೆ.

ಅಣ್ಣ ರಿಚರ್ಡರು ೧೮೯೯ರಲ್ಲಿ ಜೆರೂಸಲೇಮಿನಲ್ಲಿ ತೀರಿಕೊಂಡರು. ಉದ್ಯಮವು ಅದೇ ವರ್ಷ ಲಿಮಿಟೆಡ್ ಕಂಪನಿಯಾಗಿ ಜಾರ್ಜರು ಅದರ ಅಧ್ಯಕ್ಷರಾದರು. ೧೯೦೧ರಲ್ಲಿ ಡೈಲಿ ನ್ಯೂಸ್ ಎಂಬ ಲಂಡನ್ನಿನ ದಿನಪತ್ರಿಕೆಯ ಕೊಳ್ಳುವಿಕೆಯಲ್ಲಿ ಪಾಲುಗೊಂಡು, ಮುಂದೆ ಅದರ ಒಡೆತನವನ್ನು ವಹಿಸಿಕೊಂಡರು. ಕುದುರೆಜೂಜಿನ ಸುದ್ದಿಯನ್ನೂ ಮದ್ಯದ ಜಾಹೀರಾತುಗಳನ್ನೂ ಅದರಿಂದ ಕೈಬಿಡಲಾಯಿತು; ಪತ್ರಿಕೆಗೆ ನಷ್ಟವಾದರೂ ಮನಸ್ಸು ಬದಲಾಯಿಸಲಿಲ್ಲ. ೧೯೦೬ರಲ್ಲಿ ಆ ಪತ್ರಿಕೆ ಲಂಡನ್ನಿನಲ್ಲಿ ಅಪೂರ್ವವಾದ ವಸ್ತುಪ್ರದರ್ಶನವನ್ನು ಏರ್ಪಡಿಸಿತು. ಅಂಗಡಿಗಳಲ್ಲಿ ಅಗ್ಗಕ್ಕೆ ದೊರೆಯುವ ಬಟ್ಟೆಬರೆ ಸಾಮಾನುಗಳನ್ನು ಮುಂದಿಟ್ಟು, ಅವುಗಳನ್ನು ಮಾಡಿದ ಬಡ ಹೆಂಗಸರಿಗೆ ಸಿಕ್ಕುವ ಕೂಲಿ ಎಷ್ಟು ಅಲ್ಪವೆಂಬುದನ್ನು ಜನರಿಗೆ ತೋರಿಸಲಾಯಿತು. ಕೊಳ್ಳುವವನು ಸರಕಿನ ಹಿಂದಿರುವ ಕೈಯನ್ನು ನೋಡಬೇಕೆಂಬುದೇ ಅದರ ಸಂದೇಶ. ಮುಂದೆ ೧೯೦೯ರಲ್ಲಿ ಕೆಲವು ಕಸಬುಗಳಿಗೆ ಕನಿಷ್ಠ ಕೂಲಿಯನ್ನು ಗೊತ್ತುಪಡಿಸುವ ಶಾಸನವಾಗಲು ಈ ಚಳವಳಿ ನೆರವಾಯಿತು.

ಆದರೆ ವಿಧಿಯ ವಿಡಂಬನೆಯನ್ನು ನೋಡಬೇಕು. ಆ ಪ್ರದರ್ಶನ ನಡೆಯುತ್ತಿದ್ದಾಗಲೇ ಬೋರ್ನ್‌ವಿಲ್ಲಿನ ಶುದ್ಧ ಕೋಕೋದ ಹಿಂದಿದ್ದ ಕೈಗಳು ಬಂಧನದಲ್ಲಿದ್ದುವು. ಕಂಪನಿಗೆ ಬರುತ್ತಿದ್ದ ಬೀಜದಲ್ಲಿ ಅರ್ಧದಷ್ಟು ಪಶ್ಚಿಮ ಆಫ್ರಿಕದ ಬಳಿಯ ಸಾವ್ ತೋಮೆ, ಪ್ರಿನ್ಸಿಪೆ ಎಂಬ ಪೋರ್ಚುಗೀಸ್ ದ್ವೀಪಗಳದು. ಅಲ್ಲಿಯ ತೋಟಗಳಲ್ಲಿ ದುಡಿಯುತ್ತಿದ್ದವರು ಅಂಗೋಲದ ಒಳನಾಡಿನಿಂದ ಹಿಡಿದು ತಂದ ಕರಿಯ ಜನ. ಕಾನೂನಿನಲ್ಲಿ ಗುಲಾಮಗಿರಿ ರದ್ದಾಗಿತ್ತು. ಕರಾರುಪತ್ರಗಳಲ್ಲಿ ಅವರನ್ನು ಐದು ವರ್ಷದ ಕೂಲಿಯಾಳುಗಳೆಂದು ಬರೆಯಲಾಗುತ್ತಿತ್ತು. ಆದರೆ ಹೋದವರು ಹಿಂದಿರುಗುತ್ತಿರಲಿಲ್ಲ. ಸಂಕೋಲೆಯಲ್ಲಿ ನಡೆದು ಬಂದವರಿಗೆ ಕರಾರಿನ ಅರ್ಥವೂ ತಿಳಿಯದು. ೧೯೦೧ರಲ್ಲಿ ಜಾರ್ಜರ ಅಣ್ಣನ ಮಗ ವಿಲಿಯಂ ಕ್ಯಾಡ್ಬರಿಗೆ ಈ ಸುದ್ದಿ ತಲುಪಿತು. ಮಾರಾಟಕ್ಕಿದ್ದ ತೋಟವೊಂದರ ಆಸ್ತಿಪಟ್ಟಿಯಲ್ಲಿ ಕಟ್ಟಡ, ದನಕರುಗಳೊಡನೆ ಇನ್ನೂರು ಮಂದಿ ಕೂಲಿಗಳಿಗೂ ಬೆಲೆ ಕಟ್ಟಿದ್ದುದನ್ನು ಕಂಡ ಮೇಲೆ ಸಂಶಯಕ್ಕೆ ಎಡೆಯಿರಲಿಲ್ಲ.

ಮುಂದೇನು? ಕೂಡಲೇ ಬೀಜ ಕೊಳ್ಳುವುದನ್ನು ನಿಲ್ಲಿಸಬಹುದಿತ್ತು. ಕ್ಯಾಡ್ಬರಿಯವರು ಬೇರೆ ದಾರಿ ಹಿಡಿದರು. ದೊಡ್ಡ ಗಿರಾಕಿಗಳಾಗಿ ಉಳಿದರೆ ಪೋರ್ಚುಗೀಸ್ ಸರಕಾರದ ಮೇಲೆ ಒತ್ತಡ ತರಬಹುದು, ಬಿಟ್ಟುಹೋದರೆ ಆ ಬೀಜವನ್ನು ಇನ್ನಾರೋ ಕೊಳ್ಳುವರು, ಆಳುಗಳ ಗತಿ ಹಾಗೆಯೇ ಉಳಿಯುವುದು ಎಂದು ಅವರು ಭಾವಿಸಿದರು. ವಿಲಿಯಂ ೧೯೦೩ರಲ್ಲಿ ಲಿಸ್ಬನ್ನಿಗೆ ಹೋಗಿ ಅಧಿಕಾರಿಗಳನ್ನು ಕಂಡರು. ಜೋಸೆಫ್ ಬರ್ಟ್ ಎಂಬ ಕ್ವೇಕರರಿಗೆ ಪೋರ್ಚುಗೀಸ್ ಭಾಷೆ ಕಲಿಸಿ ೧೯೦೫ರಲ್ಲಿ ದ್ವೀಪಗಳಿಗೆ ಕಳುಹಿಸಲಾಯಿತು. ಅವರು ಅಲ್ಲಿಯೂ ಅಂಗೋಲದಲ್ಲಿಯೂ ಸುಮಾರು ಎರಡು ವರ್ಷ ಸಂಚರಿಸಿ, ಇದು ಗುಲಾಮಗಿರಿಯೇ ಎಂದು ವರದಿ ಕೊಟ್ಟರು. ಅಷ್ಟರಲ್ಲಿ ಹೆನ್ರಿ ನೆವಿನ್ಸನ್ ಎಂಬ ಪತ್ರಕರ್ತರು ತಾವೇ ಆ ಹಾದಿಯಲ್ಲಿ ನಡೆದು ಕಂಡುದನ್ನು ೧೯೦೬ರಲ್ಲಿ ಗ್ರಂಥವಾಗಿ ಪ್ರಕಟಿಸಿದ್ದರು. ಬ್ರಿಟಿಷ್ ವಿದೇಶಾಂಗ ಖಾತೆಯವರು ಸಂಧಾನದ ನೆಪದಿಂದ ಕಾಯುವಂತೆ ಸೂಚಿಸುತ್ತಿದ್ದರು. ವರ್ಷಗಳು ಉರುಳಿದುವು. ಹಡಗುಗಳಲ್ಲಿ ಬೀಜ ಬರುತ್ತಲೇ ಇದ್ದಿತು. ೧೯೦೮ರಲ್ಲಿ ವಿಲಿಯಂ ತಾವೇ ಆಫ್ರಿಕಕ್ಕೆ ಹೋದರು. ಸುಧಾರಣೆಯ ಆಸೆ ಇಲ್ಲವೆಂದು ತಿಳಿದು, ೧೯೦೯ರ ಮಾರ್ಚ್ ತಿಂಗಳಲ್ಲಿ ಕ್ಯಾಡ್ಬರಿಯವರೂ ಫ್ರೈ, ರೌಂಟ್ರಿ ಕಂಪನಿಗಳವರೂ ಆ ದ್ವೀಪಗಳ ಕೋಕೋವನ್ನು ಕೊಳ್ಳುವುದಿಲ್ಲವೆಂದು ಘೋಷಿಸಿದರು.

ಇದಕ್ಕೆ ಮೊದಲೇ, ೧೯೦೮ರ ಸೆಪ್ಟೆಂಬರಿನಲ್ಲಿ, ಲಂಡನ್ನಿನ ಸ್ಟಾಂಡರ್ಡ್ ಪತ್ರಿಕೆಯು ಕ್ಯಾಡ್ಬರಿಯವರನ್ನು ಕಪಟಿಗಳೆಂದು ಸೂಚಿಸಿ ಬರೆದಿತ್ತು. ದಕ್ಷಿಣ ಆಫ್ರಿಕದ ಗಣಿಗಳಲ್ಲಿ ಚೀನೀ ಕೂಲಿಗಳ ಬಂಧನವನ್ನು ಖಂಡಿಸಿದ ಪತ್ರಿಕೆಯ ಒಡೆಯರು ತಮ್ಮ ಕೋಕೋದ ಹಿಂದಿನ ಗುಲಾಮಗಿರಿಯನ್ನು ಕಾಣಲಿಲ್ಲವೆ ಎಂಬುದು ಅದರ ಕುಹಕ. ಕಂಪನಿ ಮಾನನಷ್ಟದ ದಾವೆ ಹೂಡಿತು. ೧೯೦೯ರ ಕೊನೆಯಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ವಿಚಾರಣೆ ನಡೆಯಿತು. ಪತ್ರಿಕೆಯ ಪರವಾಗಿ ನಿಂತ ಪ್ರಸಿದ್ಧ ವಕೀಲ ಎಡ್ವರ್ಡ್ ಕಾರ್ಸನ್, ೧೯೦೧ರಿಂದ ೧೯೦೮ರವರೆಗೆ ಸುಮಾರು ಹದಿಮೂರು ಲಕ್ಷ ಪೌಂಡ್ ಬೆಲೆಯ ಬೀಜವನ್ನು ಕೊಂಡುದನ್ನು ಎತ್ತಿ ತೋರಿಸಿದರು. ಆ ಕೋಕೋ ತಯಾರಾಗುವಷ್ಟರಲ್ಲಿ ಎಷ್ಟು ಜನ ಗುಲಾಮರು ಸತ್ತಿರಬಹುದೆಂದು ಲೆಕ್ಕ ಹಾಕಿರುವಿರಾ ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಪಂಚರು ಕ್ಯಾಡ್ಬರಿಯವರ ಪರವಾಗಿಯೇ ತೀರ್ಪಿತ್ತರು. ಆದರೆ ಪರಿಹಾರವೆಂದು ಕೊಡಿಸಿದುದು ಒಂದು ಫಾರ್ದಿಂಗ್, ಎಂದರೆ ಪೆನ್ನಿಯ ಕಾಲುಭಾಗ. ಇವರು ಕಪಟಿಗಳಲ್ಲ, ಆದರೆ ನಿರ್ದೋಷಿಗಳೂ ಅಲ್ಲ ಎಂಬ ಜನಾಭಿಪ್ರಾಯವನ್ನು ಆ ಚಿಕ್ಕ ನಾಣ್ಯ ತೂಗಿ ಹೇಳಿತು.

ಜಾರ್ಜರ ಜೀವನವನ್ನು ವಿಮರ್ಶಿಸುವವರು ಈ ಎಂಟು ವರ್ಷಗಳನ್ನು ಮರೆಯಲಾಗದು, ಮರೆಯಲೂಬಾರದು. ಕಾರ್ಖಾನೆಯ ಕಿಟಕಿಯಿಂದ ಕಾಣುವವರಿಗೆ ಅವರು ಮನೆ ಕಟ್ಟಿಸಿದರು, ಹಿತ್ತಿಲಲ್ಲಿ ಹಣ್ಣಿನ ಗಿಡ ನೆಡಿಸಿದರು, ೧೯೦೬ರಲ್ಲಿ ಪಿಂಚಣಿಯನ್ನೂ ಏರ್ಪಡಿಸಿದರು. ಕಣ್ಣಿಗೆ ಕಾಣದ ದ್ವೀಪದವರ ಕೂಗು ಅವರನ್ನು ತಲುಪಿದರೂ, ಅದಕ್ಕೆ ತಕ್ಕ ಕ್ರಿಯೆ ನಡೆಯಲು ಎಂಟು ವರ್ಷ ಹಿಡಿಯಿತು. ಅವರ ಮನಸ್ಸಿನಲ್ಲಿ ಕಪಟವಿರಲಿಲ್ಲ. ಆದರೆ ಸದುದ್ದೇಶದ ವಿಳಂಬವೂ ಸಂಕೋಲೆಯಲ್ಲಿರುವವನ ಪಾಲಿಗೆ ಸಂಕೋಲೆಯೇ. ಹಿಟ್ಟು ಬೆರೆಸದಿರುವುದು ಶುದ್ಧಿಯ ಮೊದಲ ಪಾಠ. ಪರರ ಕಣ್ಣೀರು ಬೆರೆಯದಂತೆ ನೋಡಿಕೊಳ್ಳುವುದು ಅದರ ಕೊನೆಯ ಪಾಠ. ಈ ಎರಡನೆಯ ಪಾಠವನ್ನು ಕಂಪನಿಯವರು ತಡವಾಗಿಯಾದರೂ ಕಲಿತರು. ಗೋಲ್ಡ್ ಕೋಸ್ಟ್, ಎಂದರೆ ಇಂದಿನ ಘಾನಾ ದೇಶದಲ್ಲಿ, ತಮ್ಮ ಸ್ವಂತ ಹೊಲಗಳಲ್ಲಿ ಕೋಕೋ ಬೆಳೆಯುತ್ತಿದ್ದ ಸಣ್ಣ ರೈತರಿಂದ ಬೀಜ ಕೊಳ್ಳಲಾರಂಭಿಸಿದರು. ಚೆನ್ನಾಗಿ ಹದಮಾಡಿದ ಬೀಜಕ್ಕೆ ಹೆಚ್ಚಿನ ದರ ಕೊಟ್ಟರು. ೧೯೧೧ರ ಹೊತ್ತಿಗೆ ಆ ನಾಡು ಜಗತ್ತಿನಲ್ಲಿಯೇ ಅತ್ಯಧಿಕ ಕೋಕೋ ಬೆಳೆಯುವ ನಾಡಾಯಿತು.

ಜಾರ್ಜ್ ಕ್ಯಾಡ್ಬರಿಯವರು ೧೯೨೨ನೆಯ ಅಕ್ಟೋಬರ್ ೨೪ರಂದು ತಮ್ಮ ೮೩ನೆಯ ವಯಸ್ಸಿನಲ್ಲಿ ತೀರಿಕೊಂಡರು. ಬೋರ್ನ್‌ವಿಲ್ಲಿನ ಹಸುರು ಬಯಲಿನಲ್ಲಿ ಸಾವಿರಾರು ಜನರು ಸೇರಿ ಅವರಿಗೆ ಅಂತಿಮ ಗೌರವವನ್ನು ಸಲ್ಲಿಸಿದರು. ಅವರು ಬೆಳೆಸಿದ ಕಂಪನಿ ೨೦೧೦ರಲ್ಲಿ ಅಮೆರಿಕದ ಕ್ರಾಫ್ಟ್ ಸಂಸ್ಥೆಯ ಕೈಸೇರಿತು. ಅವರು ಬಿಟ್ಟುಕೊಟ್ಟ ಊರು ಮಾತ್ರ ಧರ್ಮದರ್ಶಿಗಳ ಆಡಳಿತದಲ್ಲಿ ಇಂದಿಗೂ ನಡೆದಿದೆ. ಇಟ್ಟುಕೊಂಡುದು ಪರರ ಪಾಲಾಗಿ, ಕೊಟ್ಟುದು ಉಳಿದುದನ್ನು ಇಲ್ಲಿ ಕಾಣಬಹುದು.

ಕೋಕೋದ ಹಿಂದಿನ ಪ್ರಶ್ನೆ ಮುಗಿದಿಲ್ಲ. ಪಶ್ಚಿಮ ಆಫ್ರಿಕದ ತೋಟಗಳಲ್ಲಿ ಮಕ್ಕಳನ್ನು ದುಡಿಸುವುದನ್ನು ತಡೆಯಲು ೨೦೦೧ರಲ್ಲಿ ಚಾಕೋಲೇಟ್ ತಯಾರಕರು ಒಪ್ಪಂದವೊಂದಕ್ಕೆ ಸಹಿ ಹಾಕಿದರಾದರೂ ಆ ಪಿಡುಗು ಪೂರ್ಣವಾಗಿ ತೊಲಗಿಲ್ಲ. ಕಿರಾಣಿ ಅಂಗಡಿಯವನಿರಲಿ, ಕಾರ್ಖಾನೆಯ ಒಡೆಯನಿರಲಿ, ತನ್ನ ಸರಕು ಶುದ್ಧವೆಂದು ಸಾರುವವನು ಒಂದು ವ್ರತವನ್ನು ಕೈಗೊಂಡಂತೆ. ಆ ಮಾತು ಅವನನ್ನು ತಕ್ಕಡಿಯಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಹೊಲಕ್ಕೆ, ಹೊಲದಿಂದ ಬೆಳೆದವನ ಮನೆಯ ಬಾಗಿಲಿಗೆ ಕರೆದೊಯ್ಯುತ್ತದೆ. ನಡುವೆ ಎಲ್ಲಿಯೂ ನಿಲ್ಲಲು ಅವನಿಗೆ ಅಧಿಕಾರವಿಲ್ಲ. ಕೊಳ್ಳುವ ಗೃಹಸ್ಥನಿಗೂ ಇದರಲ್ಲಿ ಪಾಲುಂಟು. ಬೆಲೆ ಅಗ್ಗವಾದುದೇಕೆ ಎಂದು ಅವನು ಕೇಳದಿದ್ದರೆ ಹೇಳುವ ಗೋಜಿಗೆ ಮಾರುವವನು ಹೋಗುವುದಿಲ್ಲ.